ಅಂತರದ ಗುಣಕವನ್ನು ಸಮೀಕರಣದಲ್ಲಿ ಎಲ್ಲಿ ಕೂರಿಸುವುದು?

ಸಾಮಾಜಿಕ ಅಂತರದ ಲೆಕ್ಕಕ್ಕೆ ಕೂತಾಗ ನಾನು ಮೊದಲು ಸ್ಪ್ರೆಡ್‌ಶೀಟ್‌ನಲ್ಲೇ ಎಸ್‌ಐಆರ್ ಮಾದರಿ, ಅಂದರೆ ಸಾಂಕ್ರಾಮಿಕ ರೋಗ ಹರಡುವ ಬಗೆಯನ್ನು ಲೆಕ್ಕಹಾಕುವ ಸಮೀಕರಣಗಳನ್ನು, ಓಡಿಸಿ ನೋಡುತ್ತೇನೆ. ಮೂರು ಕಾಲಂ: ಸೋಂಕು ತಗುಲಬಹುದಾದವರು, ಸೋಂಕಿತರು, ಚೇತರಿಸಿಕೊಂಡವರು. ಜನಸಂಖ್ಯೆ 1,00,000, ಮೊದಲ ದಿನದ ಸೋಂಕಿತರು 10. ಹರಡುವ ದರ ಬೀಟಾ ದಿನಕ್ಕೆ 0.5, ಚೇತರಿಕೆಯ ದರ ಗಾಮಾ 0.2. ಭಾಗಿಸಿದರೆ ಆರ್ ನಾಟ್ (ಮುಂದೆ ಬರೀ ಆರ್), ಅಂದರೆ ಒಬ್ಬ ಸೋಂಕಿತ ಆರಂಭದಲ್ಲಿ ಸರಾಸರಿ ಎಷ್ಟು ಜನರಿಗೆ ಸೋಂಕು ಹರಡುತ್ತಾನೆ ಎಂಬ ಸಂಖ್ಯೆ, 2.5.

ಒಂದು ಸಾಲಿಗೆ ಒಂದು ದಿನ ಎಂದು ಇಟ್ಟುಕೊಂಡರೆ ಅಲ್ಲೇ ಎಡವಟ್ಟು. ಆರಂಭದಲ್ಲಿ ಸೋಂಕು ದಿನಕ್ಕೆ 0.3ರ (ಬೀಟಾದಲ್ಲಿ ಗಾಮಾ ಕಳೆದರೆ ಬರುವ) ಘಾತೀಯ ದರದಲ್ಲಿ ಬೆಳೆಯುತ್ತದೆ. 20 ದಿನಕ್ಕೆ ಸುಮಾರು 403 ಪಟ್ಟು ಆಗಬೇಕು. ದಿನದ ಹೆಜ್ಜೆಯಲ್ಲಿ ಬರುವುದು 190 ಪಟ್ಟು. 0.1 ದಿನದ ಹೆಜ್ಜೆ ಇಟ್ಟರೆ 369, ಅಂದಾಜಿಗೆ ನಡೆಯುತ್ತದೆ. ಪ್ರತಿ ಸಾಲಿನಲ್ಲೂ ಮೂರೂ ಕಾಲಂ ಕೂಡಿ 1,00,000 ಬರಲೇಬೇಕು.

ಇನ್ನು ಅಂತರ. ಬೀಟಾವನ್ನು 0.6ರಿಂದ ಗುಣಿಸಿದರೆ, ಅಂದರೆ ಸಂಪರ್ಕ 40% ತಗ್ಗಿದರೆ, ಆರ್ 1.5ಕ್ಕೆ ಇಳಿಯುತ್ತದೆ. ಒಂದೇ ಹೊತ್ತಿನಲ್ಲಿ ಸೋಂಕಿತರಾಗಿರುವವರ ಗರಿಷ್ಠ ಸಂಖ್ಯೆ ಸುಮಾರು 23,000ದಿಂದ 6,300ಕ್ಕೆ ಬೀಳುತ್ತದೆ.

ಆದರೆ ಯಾವುದು 40% ತಗ್ಗಿದ್ದು? ಎಲ್ಲರೂ ಹೊರಗಿನ ಓಡಾಟವನ್ನೇ ಅಷ್ಟು ಕಡಿಮೆ ಮಾಡಿದ್ದರೆ, ಎದುರಾಗುವ ಇಬ್ಬರ ಕಡೆಯಿಂದಲೂ ಕಡಿತವಾಗುತ್ತದೆ: 0.6ರ ವರ್ಗ 0.36, ಆರ್ 0.9. ಸೋಂಕು ತಾನಾಗಿ ಆರುತ್ತದೆ! ಹಾಗಾಗಿ ಕೈಯಲ್ಲಿರುವುದು ಭೇಟಿಗಳ ಸಮೀಕ್ಷೆಯಾದರೆ ಗುಣಕವನ್ನು ಒಂದೇ ಸಲ ಹಾಕುತ್ತೇನೆ. ಓಡಾಟದ ದತ್ತಾಂಶವಾದರೆ ವರ್ಗ ಮಾಡುತ್ತೇನೆ, ಅದೂ ಅಪರಿಚಿತರು ಅಕಸ್ಮಾತ್ ಸೇರುವ ಜಾಗಗಳಿಗೆ ಮಾತ್ರ.

ಮನೆಯೊಳಗೆ ಎರಡೂ ನಡೆಯುವುದಿಲ್ಲ. ದಿನದ 10 ಸಂಪರ್ಕಗಳಲ್ಲಿ 4 ಮನೆಯವು, 6 ಹೊರಗಿನವು ಎನ್ನೋಣ. ಹೊರಗಿನವನ್ನು 60% ಕಡಿದರೂ ಒಟ್ಟು 6.4 ಉಳಿಯುತ್ತದೆ. ಎಲ್ಲ ಸಂಪರ್ಕಗಳನ್ನೂ ಅಷ್ಟು ಕಡಿದಿದ್ದರೆ ಆರ್ 1 ಆಗುತ್ತಿತ್ತು, ಈಗ 1.6ರಲ್ಲೇ ನಿಲ್ಲುತ್ತದೆ. ಅದಕ್ಕೇ ಮನೆ, ಕೆಲಸ, ಶಾಲೆ, ಇತರೆ ಎಂದು ಬೀಟಾವನ್ನು ಒಡೆದು ಒಂದೊಂದಕ್ಕೂ ಬೇರೆ ಗುಣಕ ಕೊಡಬೇಕು.

ನಿರ್ಬಂಧ ತೆಗೆಯುವ ದಿನವನ್ನೂ ಹಾಕಿ ಓಡಿಸಿ. ಮೊದಲ ದಿನದಿಂದ 80% ಕಡಿತವನ್ನು 90 ದಿನ ಇಟ್ಟರೆ ಸೋಂಕಿತರು 0.0012ಕ್ಕೆ ಇಳಿಯುತ್ತಾರೆ. ಒಬ್ಬ ಮನುಷ್ಯನ ಸಾವಿರದ ಒಂದಂಶ! ಸಮೀಕರಣಕ್ಕೆ ಅದು ಸೊನ್ನೆಯಲ್ಲ. ನಿರ್ಬಂಧ ತೆಗೆದ 30 ದಿನಕ್ಕೆ ಮತ್ತೆ 10 ಮಂದಿ, ಆಮೇಲೆ ಅದೇ 23,000ದ ಅಲೆ. ಸೋಂಕಿತರ ಸಂಖ್ಯೆ ಕೆಲವೇ ಹತ್ತುಗಳಿಗೆ ಇಳಿದ ಮೇಲೆ ಈ ಮಾದರಿಯನ್ನು ಬಿಟ್ಟು, ಪ್ರತಿ ಸೋಂಕನ್ನೂ ಪೂರ್ಣಾಂಕದಲ್ಲಿ ಚೀಟಿ ಎತ್ತಿದಂತೆ ನಿರ್ಧರಿಸುವ ಯಾದೃಚ್ಛಿಕ ಮಾದರಿಯನ್ನು ಸಾವಿರ ಸಲ ಓಡಿಸಿ, ಎಷ್ಟು ಸಲ ಸೋಂಕು ಪೂರ್ತಿ ಅಳಿಯಿತು ಎಂದು ಎಣಿಸುತ್ತೇನೆ.