ಅಪ್ಪಯ್ಯ ಬರೆದಿಡದ್ದು, ನಾನು ಬರೆದಿಟ್ಟದ್ದು

ಅಪ್ಪಯ್ಯ ತೀರಿಕೊಂಡದ್ದು 2009ರ ಮಳೆಗಾಲದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಹಿರಿಯರಿಂದ ಬಂದ ಎರಡೂವರೆ ಎಕರೆ ಅಡಿಕೆ ತೋಟ, ಅವರೇ ದುಡಿದು ಕಟ್ಟಿಸಿದ ಹೆಂಚಿನ ಮನೆ, ಬ್ಯಾಂಕಿನಲ್ಲಿ ಮೂರು ನಿಶ್ಚಿತ ಠೇವಣಿ, ಅಡಿಕೆ ಮಾರಾಟದ ಸಂಘವೊಂದರಲ್ಲಿ ಕೆಲವು ಷೇರು. ಇಷ್ಟೇ ಆಸ್ತಿ. ಅಮ್ಮ ಐದು ವರ್ಷ ಮೊದಲೇ ಹೋಗಿದ್ದರು. ಮಕ್ಕಳು ನಾವು ನಾಲ್ವರು: ಇಬ್ಬರು ಅಣ್ಣಂದಿರು, ನಾನು, ನನ್ನ ತಂಗಿ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಜಗಲಿಯಲ್ಲಿ ಮಾತು ಎದ್ದಿತು. ಮನೆ ತನಗೆ ಎಂದು ಅಪ್ಪಯ್ಯ ಹೇಳಿದ್ದರೆಂದು ದೊಡ್ಡಣ್ಣ ಹೇಳಿದ. ಠೇವಣಿಯ ಹಣ ಹೆಣ್ಣುಮಕ್ಕಳಿಗೆ ಎಂದು ನನ್ನೆದುರು ಹೇಳಿದ್ದರು. ತೋಟದ ಕೆಳಭಾಗ ತನ್ನದೆಂದು ಚಿಕ್ಕಣ್ಣ ನಂಬಿದ್ದ. ತಂಗಿಗೆ ಅವರು ಹೇಳಿದ್ದು ಇವೆಲ್ಲಕ್ಕಿಂತ ಬೇರೆಯೇ. ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆಯಾ ಹೊತ್ತಿನಲ್ಲಿ ಎದುರಿಗಿದ್ದ ಮಗುವಿನ ಕಷ್ಟ ನೋಡಿ ಅಪ್ಪಯ್ಯನ ಬಾಯಿಂದ ಬಂದ ಮಾತುಗಳವು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

ಮುಂದಿನ ಮೂರೂವರೆ ವರ್ಷ ಅಲೆದಾಟ. ವಂಶವೃಕ್ಷಕ್ಕೆ ನಾಡಕಚೇರಿ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ತಾಲ್ಲೂಕು ಕಚೇರಿ. ನನ್ನ ಶಾಲಾ ದಾಖಲೆಯ ಹೆಸರಿನ ಮುಂದೆ ಅಪ್ಪಯ್ಯನ ಇನಿಷಿಯಲ್, ಉಳಿದ ಕಡೆಯೆಲ್ಲ ಗಂಡನ ಇನಿಷಿಯಲ್. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಠೇವಣಿಗಳಿಗೆ ನಾಮಿನಿಯಾಗಿದ್ದವರು ಅಮ್ಮ. ಅವರು ತೀರಿಕೊಂಡ ಮೇಲೆ ಅಪ್ಪಯ್ಯ ಹೆಸರು ಬದಲಿಸಿರಲಿಲ್ಲ. ಹಾಗಾಗಿ ಬ್ಯಾಂಕು ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಿತು. ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ವಿಚಾರಣೆಯ ದಿನಾಂಕಗಳು ಎಂದು ಅದೊಂದಕ್ಕೇ ವರ್ಷ ದಾಟಿತು.

ತೋಟದ ವಿಷಯದಲ್ಲಿ ಇನ್ನೊಂದು ಗೊಂದಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಆದರೆ ಅದಕ್ಕಿಂತ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ನನ್ನ ಮದುವೆ 1989ರಲ್ಲಿ ಆದದ್ದು. ‘ನಿಮಗೆ ಪಾಲಿಲ್ಲ’ ಎಂದು ಕಚೇರಿಯಲ್ಲಿ ಒಬ್ಬರು ಹೇಳಿ ಕಳುಹಿಸಿಯೂ ಬಿಟ್ಟರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಷರತ್ತು ಇಲ್ಲವೆಂದು ವಕೀಲರು ತಿಳಿಸಿದಾಗಲೇ ನನಗೆ ಧೈರ್ಯ ಬಂದದ್ದು. ಕೊನೆಗೆ ಮನೆಯಲ್ಲಿನ ನನ್ನ ಪಾಲನ್ನು ದೊಡ್ಡಣ್ಣನಿಗೆ ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಟ್ಟೆ. ಹಳ್ಳಿಯಲ್ಲೇ ಉಳಿದು ಅಪ್ಪಯ್ಯನ ಕೊನೆಗಾಲದ ಸೇವೆ ಮಾಡಿದವನು ಅವನು, ಕೊಟ್ಟದ್ದರಲ್ಲಿ ನನಗೆ ಬೇಸರವಿಲ್ಲ. ತಂಗಿ ಮಾತ್ರ ಎರಡು ದೀಪಾವಳಿಗೆ ತವರಿಗೆ ಹೋಗಲಿಲ್ಲ. ಆ ಎರಡು ಹಬ್ಬಗಳ ಲೆಕ್ಕವನ್ನು ಯಾವ ಪಾಲುಪಟ್ಟಿಯೂ ಸರಿಮಾಡಲಾರದು.

ಇಷ್ಟೆಲ್ಲ ಕಂಡ ಮೇಲೂ ನನ್ನದನ್ನು ಬರೆದಿಡಲು ನಾನು ಹನ್ನೆರಡು ವರ್ಷ ತಡ ಮಾಡಿದೆ. 2021ರಲ್ಲಿ ಕೋವಿಡ್‌ನಿಂದ ನನ್ನ ಗಂಡ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ವಿಮೆಯ ಕಾಗದಕ್ಕಾಗಿ ರಾತ್ರಿಯೆಲ್ಲ ಬೀರು ಹುಡುಕಿದೆ. ಪಕ್ಕದಲ್ಲಿ ಮಗಳು ಕೂತಿದ್ದಳು. 1995ರಲ್ಲಿ ಹುಟ್ಟಿದವಳು, ಬೌದ್ಧಿಕ ಬೆಳವಣಿಗೆಯಲ್ಲಿ ಏಳೆಂಟು ವರ್ಷದ ಮಗುವಿನಂತೆ. ‘ಅಪ್ಪ ಯಾವಾಗ ಬರುತ್ತಾರೆ?’ ಎಂದು ಕೇಳುತ್ತಲೇ ಇದ್ದಳು. ನಾವಿಬ್ಬರೂ ಇಲ್ಲದ ದಿನ ಇವಳು ಈ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾಳೆ ಎಂಬ ಯೋಚನೆ ಅಂದು ಹೊಕ್ಕಿತು. ಅವರು ಗುಣವಾಗಿ ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ.

ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಖಾತೆಗಳು, ಠೇವಣಿಗಳು, ವಿಮೆ, ಲಾಕರ್, ನಾವು ಕೊಟ್ಟ ಕೈಸಾಲ, ನಿವೇಶನದ ಕ್ರಯಪತ್ರ ಇರುವ ಜಾಗ, ಎಲ್ಲವನ್ನೂ ಒಂದೊಂದು ಪುಟಕ್ಕೆ ಇಳಿಸಿದೆ. ಈ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಗಂಡನ ಹಳೆಯ ಪಾಲಿಸಿಯೊಂದಕ್ಕೆ ಅವರ ತಾಯಿಯೇ ನಾಮಿನಿ, ಅತ್ತೆ ತೀರಿಕೊಂಡು ಎರಡು ದಶಕ ಕಳೆದಿತ್ತು. ಅಪ್ಪಯ್ಯ ಮಾಡಿದ ತಪ್ಪೇ ನಮ್ಮ ಬೀರುವಿನಲ್ಲೂ ಇತ್ತು.

ನಾಮಿನಿ ಹಾಕಿದರೆ ಎಲ್ಲ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರ ನಾಮಿನಿಗೆ ಇರುತ್ತದೆ, ಆದರೆ ಒಡೆತನ ವಾರಸುದಾರರದ್ದು ಅಥವಾ ಉಯಿಲಿನಲ್ಲಿ ಹೆಸರಿಸಿದವರದ್ದು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಜೀವ ವಿಮೆಗೆ ಮಾತ್ರ 2015ರ ತಿದ್ದುಪಡಿಯಿಂದ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ನಿಯಮ ಬೇರೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಾಗಿದೆ, ನಾನು ಗಂಡ ಮತ್ತು ಮಗನ ಹೆಸರು ಕೊಟ್ಟಿದ್ದೇನೆ. ಮಗಳ ಹೆಸರನ್ನು ಬೇಕೆಂದೇ ಕೊಟ್ಟಿಲ್ಲ. ಹಣ ಅವಳ ಹೆಸರಿಗೆ ಬಂದರೆ ಅದನ್ನು ತೆಗೆಯಲು ಸಹಿ ಹಾಕುವುದು ಅವಳಿಂದ ಆಗದು.

ನನಗೆ ಹೆಚ್ಚು ನಿದ್ದೆಗೆಡಿಸಿದ ಸಂಗತಿಯೂ ಇದೇ. ಶಿವಮೊಗ್ಗದ ಮನೆ ನನ್ನ ಸಂಬಳದ ಸಾಲದಲ್ಲಿ ಕಟ್ಟಿದ್ದು, ನನ್ನ ಹೆಸರಿನಲ್ಲಿದೆ. ನಾನು ಏನೂ ಬರೆಯದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡ, ಮಗ, ಮಗಳು ಮೂವರಿಗೂ ಸಮಪಾಲು. ನೋಡಲು ಎಷ್ಟು ನ್ಯಾಯವಾಗಿದೆ! ಆದರೆ ಮಗಳ ಮೂರನೇ ಒಂದು ಪಾಲನ್ನು ಬಾಡಿಗೆಗೆ ಕೊಡಲು, ಮಾರಲು, ದುರಸ್ತಿಗೆಂದು ಸಾಲ ತೆಗೆಯಲು ಅವಳ ಪರವಾಗಿ ಸಹಿ ಹಾಕುವ ಕಾನೂನುಬದ್ಧ ಪಾಲಕರು ಬೇಕು. ಅವಳು ಹದಿನೆಂಟು ದಾಟಿದ ದಿನವೇ ಆ ಸಹಜ ಪಾಲಕತ್ವ ತಂದೆತಾಯಿಯಾದ ನಮ್ಮ ಕೈಯಿಂದಲೂ ತಪ್ಪಿತ್ತು. ಇದು ನಮಗೆ ಗೊತ್ತಾಗುವಾಗ ಅವಳಿಗೆ ಇಪ್ಪತ್ತಾರು.

ಹಾಗಾಗಿ ಉಯಿಲಿಗಿಂತ ಮೊದಲು ಪಾಲಕತ್ವದ ಅರ್ಜಿ ಹಾಕಿದೆವು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪಾಲಕರನ್ನು ನೇಮಿಸಲು ಜಿಲ್ಲೆಯ ಮಟ್ಟದಲ್ಲಿ ಒಂದು ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯವಿರುವ ಒಬ್ಬ ವ್ಯಕ್ತಿ ಅದರಲ್ಲಿರುತ್ತಾರೆ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ಲೆಕ್ಕ ಕೇಳುವವರು ಇದ್ದಾರೆ ಎಂಬುದು ತಾಯಿಯಾಗಿ ನನಗೆ ದೊಡ್ಡ ಸಮಾಧಾನ.

ನಂತರ ಮಗನೊಡನೆ ಮಾತು. ಅವನಿರುವುದು ಪುಣೆಯಲ್ಲಿ. ‘ಎಲ್ಲವನ್ನೂ ಮಗನ ಹೆಸರಿಗೆ ಮಾಡಿ, ತಂಗಿಯನ್ನು ಅವನು ನೋಡಿಕೊಳ್ಳುತ್ತಾನೆ’ ಎಂದು ನೆಂಟರು ಸಲಹೆ ಕೊಟ್ಟಿದ್ದರು. ಅದು ಬೇಡವೆಂದು ನಾನು ಹೇಳಿದಾಗ ಮಗನ ಮುಖ ಬಾಡಿತು.

‘ಅಮ್ಮ, ನನ್ನ ಮೇಲೆ ನಂಬಿಕೆ ಇಲ್ಲವೇ?’

‘ನಂಬಿಕೆ ಇದೆ ಕಣೋ. ನಿನ್ನ ಆಯುಸ್ಸು, ನಿನ್ನ ಸಾಲ ನಿನ್ನ ಕೈಯಲ್ಲಿ ಇಲ್ಲವಲ್ಲ.’

ಅವನಿಗೆ ವಿವರಿಸಿದೆ. ಆಸ್ತಿ ಅವನ ಹೆಸರಿಗೆ ಬಂದ ಮೇಲೆ ಅವನ ಸಾಲಗಾರರಿಗೂ ಅದರ ಮೇಲೆ ಕೈಯಿಡಲು ದಾರಿಯಾಗುತ್ತದೆ. ಅವನಿಗೇನಾದರೂ ಆದರೆ ಅವನ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಮಕ್ಕಳು, ಬದುಕಿದ್ದರೆ ನಾನು. ಒಡಹುಟ್ಟಿದ ತಂಗಿ ಆ ದರ್ಜೆಯಲ್ಲಿ ಬರುವುದೇ ಇಲ್ಲ. ನಾವು ಅವಳಿಗೆಂದು ಇಟ್ಟದ್ದು ಯಾರ ಕೆಟ್ಟತನವೂ ಇಲ್ಲದೆ ಅವಳ ಕೈತಪ್ಪಿ ಹೋಗುತ್ತದೆ. ಅದಕ್ಕೇ ಅವಳ ಹಣವನ್ನು ಒಂದು ಟ್ರಸ್ಟಿನಲ್ಲಿಟ್ಟು, ಅವಳಿಗಾಗಿ ಅದನ್ನು ನಡೆಸುವ ಟ್ರಸ್ಟಿಗಳನ್ನು ನೇಮಿಸೋಣ ಎಂದೆ. ಮಗ ಏನೂ ಹೇಳದೆ ಎದ್ದು ಹೋದ. ಮರುದಿನ ಬೆಳಿಗ್ಗೆ ಅವನೇ ಬಂದು, ‘ಟ್ರಸ್ಟಿಯಾಗಿ ನಾನೊಬ್ಬನೇ ಬೇಡ, ಹೊರಗಿನವರೊಬ್ಬರು ಇರಲಿ’ ಎಂದ.

ಹೀಗೆ ಉಯಿಲಿನೊಳಗೇ ಒಂದು ಖಾಸಗಿ ಟ್ರಸ್ಟ್ ಮಾಡಿದೆವು. ಠೇವಣಿಗಳು, ನನ್ನ ಉಳಿತಾಯ ಅದಕ್ಕೆ ಸೇರುತ್ತವೆ. ಅದರಿಂದ ಮಗಳ ಊಟ, ಔಷಧಿ, ನೋಡಿಕೊಳ್ಳುವವರ ಸಂಬಳ ನಡೆಯಬೇಕು. ಟ್ರಸ್ಟಿಗಳು ಮಗ, ನನ್ನ ತಂಗಿ, ನನ್ನ ಬಳಿ ಗಣಿತ ಕಲಿತು ಈಗ ಲೆಕ್ಕಪರಿಶೋಧಕನಾಗಿರುವ ಹಳೆಯ ವಿದ್ಯಾರ್ಥಿ. ಮನೆಯಲ್ಲಿ ಬದುಕಿರುವವರೆಗೆ ವಾಸಿಸುವ ಹಕ್ಕು ಮಗಳಿಗೆ, ಅವಳ ನಂತರ ಮನೆ ಮಗನಿಗೆ ಅಥವಾ ಅವನ ಮಕ್ಕಳಿಗೆ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಿವೃತ್ತಿಯ ಕಾಗದಗಳಲ್ಲಿ ಗಂಡನ ನಂತರ ಕುಟುಂಬ ಪಿಂಚಣಿಗೆ ಮಗಳ ಹೆಸರನ್ನೂ ಅಂಗವೈಕಲ್ಯ ಪ್ರಮಾಣಪತ್ರದೊಡನೆ ಸೇರಿಸಿದೆ. ನಮ್ಮ ನಂತರ ಅವಳ ಪಾಲಕರು ಯಾರಾಗಬೇಕೆಂದು ಉಯಿಲಿನಲ್ಲಿ ಬರೆದಿದ್ದೇನಾದರೂ ಅದು ಕೋರಿಕೆ ಮಾತ್ರ. ಪ್ರಾಯಕ್ಕೆ ಬಂದವಳಾದ್ದರಿಂದ ತೀರ್ಮಾನ ಸಮಿತಿಯದ್ದು.

ಬರೆದದ್ದು ಕನ್ನಡದಲ್ಲಿ. ನನಗೆ, ಗಂಡನಿಗೆ, ಸಾಕ್ಷಿಗಳಿಗೆ ಪ್ರತಿ ಸಾಲೂ ಅರ್ಥವಾಗಬೇಕಿತ್ತು. ವಕೀಲರು ಮೊದಲ ಕರಡಿನಲ್ಲಿ ಹಳೆಯ ಕ್ರಯಪತ್ರದ ಚಕ್ಕುಬಂದಿಯನ್ನೇ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನೇ, ಇಳಿಸಿದ್ದರು. ಅಷ್ಟರಲ್ಲಿ ಪೂರ್ವದ ನಿವೇಶನ ಕೈಬದಲಾಗಿತ್ತು, ಖಾತೆಯ ಸಂಖ್ಯೆಯೂ ಬೇರೆಯಾಗಿತ್ತು. ಈಗಿನ ಖಾತೆ, ತೆರಿಗೆ ರಸೀದಿ, ಋಣಭಾರ ಪ್ರಮಾಣಪತ್ರ ಮುಂದಿಟ್ಟುಕೊಂಡು ತಿದ್ದಿಸಿದೆ. ಉಯಿಲು ಬರೆಯುವವರಿಗೆ ನನ್ನ ಕಳಕಳಿಯ ಮಾತು: ಈ ಭಾಗವನ್ನು ಬೆರಳಿಟ್ಟು ಓದಿ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕಾಗುತ್ತದೆ. ಆದ್ದರಿಂದ ನಮಗಿಂತ ಹದಿನೈದಿಪ್ಪತ್ತು ವರ್ಷ ಚಿಕ್ಕವರನ್ನು, ಉಯಿಲಿನಿಂದ ಏನೂ ಪಡೆಯದವರನ್ನು ಆರಿಸಿದೆ. ಒಬ್ಬರು ನಮ್ಮ ಕುಟುಂಬದ ವೈದ್ಯರು, ಇನ್ನೊಬ್ಬರು ನನ್ನ ಶಾಲೆಯ ಕಿರಿಯ ಸಹೋದ್ಯೋಗಿ. ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಫೋಟೊ, ಹೆಬ್ಬೆರಳ ಗುರುತು ಕೊಟ್ಟು ನೋಂದಾಯಿಸಿದೆ. ನೋಂದಾಯಿಸಿದ ಉಯಿಲನ್ನೂ ಪ್ರಶ್ನಿಸಬಹುದು, ಆದರೆ ಕಳೆದುಹೋಗುವ ಭಯವಿಲ್ಲ. ಅಂದು ಇಡೀ ಕಚೇರಿಯಲ್ಲಿ ನನಗೆ ಹಿಡಿದ ಸಮಯ ಒಂದು ಗಂಟೆಗಿಂತ ಕಡಿಮೆ. ಗಂಡ ತನ್ನ ಉಯಿಲನ್ನು ಬೇರೆಯಾಗಿ ಬರೆಸಿದರು. ಪ್ರತಿಗಳು ಎಲ್ಲಿವೆ ಎಂದು ಮಗನಿಗೂ ಸೊಸೆಗೂ ತಂಗಿಗೂ ತಿಳಿದಿದೆ.

2024ರಲ್ಲಿ ಅಪ್ಪಯ್ಯನ ಇನ್ನೊಂದು ಠೇವಣಿ ಸಿಕ್ಕಿತು. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ. ಅವುಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ತೆರೆದ ಉದ್ಗಮ್ ಜಾಲತಾಣದಲ್ಲಿ ಚಿಕ್ಕಣ್ಣ ಅಪ್ಪಯ್ಯನ ಹೆಸರು ಹಾಕಿ ನೋಡಿದ್ದ. ನಾಲ್ವರೂ ಒಟ್ಟಿಗೆ ಹೋಗಿ ಸಹಿ ಹಾಕಿದೆವು. ಬಂದದ್ದು ದೊಡ್ಡ ಮೊತ್ತವಲ್ಲ, ಆದರೆ ಅಂದು ಮಧ್ಯಾಹ್ನ ದೊಡ್ಡಣ್ಣನ ಮನೆಯಲ್ಲಿ ನಾಲ್ವರೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದೆವು.

ನೋಟ್‌ಬುಕ್ಕಿನ ಕೊನೆಯ ಹದಿನಾಲ್ಕು ಪುಟಗಳಿಗೆ ಕಾನೂನಿನ ಬಲವಿಲ್ಲ, ಆದರೆ ನಾನು ಹೆಚ್ಚು ಹೊತ್ತು ಕೂತು ಬರೆದದ್ದು ಅವನ್ನೇ. ಮಗಳಿಗೆ ಬೆಳಿಗ್ಗೆ ಯಾವ ಮಾತ್ರೆ, ಅನ್ನದೊಡನೆ ಮೊಸರು ಬೆರೆಸದೆ ಬೇರೆ ಬಟ್ಟಲಲ್ಲಿ ಕೊಡಬೇಕು, ಗುಡುಗಿದರೆ ಕಿಟಕಿ ಮುಚ್ಚಿ ಪಕ್ಕದಲ್ಲಿ ಕೂರಬೇಕು, ಹಲ್ಲುನೋವನ್ನು ಅವಳು ‘ಕಿವಿ ನೋವು’ ಎನ್ನುತ್ತಾಳೆ. ಈಗ ಪ್ರತಿ ಮೂರು ತಿಂಗಳಿಗೊಮ್ಮೆ ಅವಳು ನನ್ನ ತಂಗಿಯ ಮನೆಯಲ್ಲಿ ಒಂದು ವಾರ ನಾವಿಲ್ಲದೆ ಇರುತ್ತಾಳೆ. ಮೊದಲ ಸಲ ಎರಡನೇ ರಾತ್ರಿಗೇ ಕರೆತರಬೇಕಾಗಿತ್ತು. ಕಳೆದ ಸಲ ಏಳು ದಿನವೂ ಇದ್ದಳು. ಚೀಲದಲ್ಲಿ ಹಿಂದಿರುಗಿ ಬಂದ ನೋಟ್‌ಬುಕ್ಕಿನಲ್ಲಿ ನನ್ನ ಪಟ್ಟಿಯ ಕೆಳಗೆ ತಂಗಿಯ ಅಕ್ಷರದಲ್ಲಿ ಹೊಸದೊಂದು ಸಾಲು ಇತ್ತು: ‘ಮಲಗುವ ಮುಂಚೆ ತುಳಸಿಕಟ್ಟೆಯ ದೀಪ ಆರಿದೆಯೇ ಎಂದು ಅವಳೇ ಹೋಗಿ ನೋಡಿ ಬರಬೇಕು, ಅಲ್ಲಿಯವರೆಗೆ ನಿದ್ದೆ ಮಾಡುವುದಿಲ್ಲ.’