ಸಂಬಳವಿಲ್ಲದ ರಜೆಯಲ್ಲೂ ಅವ್ವನ ಮೆಡಿಕ್ಲೇಮ್ ಉಳಿಸಿಕೊಂಡೆ

ಉದ್ದ ರಜೆ ಹಾಕಿದರೆ ಕಂಪನಿ ಮೂಲಕ ಇರುವ ಅವ್ವನ ಮೆಡಿಕ್ಲೇಮ್ (ಆಸ್ಪತ್ರೆ ಖರ್ಚಿನ ವಿಮೆ) ಹೋದಂತೆಯೇ ಎಂದು ಗಿಣಿಗೇರಿಯ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಹೇಳಿದ್ದರು. ಹೋಗಲಿಲ್ಲ. ಸೊಂಟದ ಮೂಳೆ ಆಪರೇಷನ್‌ಗೆ ಹುಬ್ಬಳ್ಳಿಯಲ್ಲಿ ಎರಡು ಲಕ್ಷದ ಹತ್ತಿರ ಬಿಲ್ ಆಯಿತು. ನನ್ನ ಕೈಯಿಂದ ಹೋಗಿದ್ದು 14 ಸಾವಿರದಷ್ಟು. ಅದೂ ಗ್ಲೌಸು, ಡೈಪರ್ ಅಂಥವಕ್ಕೆ.

ತಂದೆ ತಾಯಿ ಪಾಲಿನ ಪ್ರೀಮಿಯಂ ನಮ್ಮ ಸಂಬಳದಲ್ಲೇ ಮುರಿಯುತ್ತಾರೆ. ನನ್ನದು ತಿಂಗಳಿಗೆ 2,200 ಚಿಲ್ಲರೆ. ಸಂಬಳವೇ ಇಲ್ಲದ ತಿಂಗಳು ಎಲ್ಲಿಂದ ಮುರಿಯಬೇಕು, ಅಲ್ವಾ? ರಜೆಯ ನಾಲ್ಕು ತಿಂಗಳದ್ದು ಒಟ್ಟಿಗೆ ಕಟ್ಟುತ್ತೇನೆ ಎಂದೆ. ಅಕೌಂಟ್ಸ್‌ನವರು ನಗದು ಮುಟ್ಟಲಿಲ್ಲ. ಚೆಕ್ ಕೊಟ್ಟೆ. ಯಾವ ಲೆಕ್ಕಕ್ಕೆ ಹಾಕುವುದೆಂದು ತಿಳಿಯದೆ ಅದನ್ನೂ ವಾಪಸ್ ಕಳಿಸಿದರು.

ಆಮೇಲೆ ನನ್ನ ಇ.ಎಲ್. (ಸಂಬಳ ಸಿಗುವ ಗಳಿಕೆ ರಜೆ) ಲೆಕ್ಕ ತೆಗೆದೆ. ಇಪ್ಪತ್ತರ ಆಸುಪಾಸು ಇದ್ದವು. ಎಲ್ಲರೂ ಅವನ್ನು ಮೊದಲ ತಿಂಗಳೇ ಖಾಲಿ ಮಾಡುತ್ತಾರೆ. ನಾನು ತಿಂಗಳಿಗೆ ಐದರಂತೆ ಹಂಚಿದೆ, ಉಳಿದ ದಿನಗಳು ಲಾಸ್ ಆಫ್ ಪೇ, ಅಂದರೆ ಸಂಬಳವಿಲ್ಲದ ರಜೆ. ಐದು ದಿನಕ್ಕೆ ಸುಮಾರು 6,000 ಬರುತ್ತದೆ. ಪಿ.ಎಫ್., ಪ್ರೀಮಿಯಂ ಎರಡೂ ಹೋಗಿ 3 ಸಾವಿರ ಕೈಗೆ ಸಿಗಬೇಕು. ಸಂಬಳ 25,000ದ ಒಳಗೆ ಬಂದಿದ್ದರಿಂದ 200 ರೂಪಾಯಿ ವೃತ್ತಿ ತೆರಿಗೆಯೂ ಇಲ್ಲ.

ಮೊದಲ ತಿಂಗಳೇ ಕೈಕೊಟ್ಟಿತು. ಸೊಸೈಟಿ ಸಾಲದ ಕಂತು 4,000 ಮೊದಲು ಮುರಿದು, ಪ್ರೀಮಿಯಂಗೆ ದುಡ್ಡು ಸಾಲಲಿಲ್ಲ. ಕಂತನ್ನು ಸೊಸೈಟಿಗೇ ಹೋಗಿ ಕಟ್ಟುವಂತೆ ಬದಲಾಯಿಸಿದೆ. ಹಿಂದಿನ ಬಾಕಿ ಮುಂದಿನ ತಿಂಗಳು ಸೇರಿಸಿ ಮುರಿಸಿದೆ. ಆಮೇಲೆ ಒಂದು ತಿಂಗಳೂ ತಪ್ಪಲಿಲ್ಲ. ಎಚ್.ಆರ್. ಒಪ್ಪುವಂತೆ ಅರ್ಜಿ ಹೇಗೆ ಬರೆದೆ ಎಂಬುದು ನನ್ನ ಹತ್ತಿರವೇ ಇರಲಿ.

ನಡುವೆ ಅವ್ವನಿಗೆ ಬೇರೆ ಪಾಲಿಸಿಯನ್ನೂ ವಿಚಾರಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಆದರೂ ವರ್ಷಕ್ಕೆ 40 ಸಾವಿರ ದಾಟಿತು. ಸಕ್ಕರೆ ಕಾಯಿಲೆಗೆ ಮೂರು ವರ್ಷ ಕಾಯಬೇಕು ಎಂದರು. ಬಿಟ್ಟೆ. 21,000ದ ಒಳಗೆ ಸಂಬಳ ಇರುವ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಹುಡುಗರಿಗೆ ಇಷ್ಟು ಒದ್ದಾಟ ಇಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ನಡೆಯುತ್ತದೆ.

ಈಗ ನಮ್ಮ ಕಾರ್ಖಾನೆಯ ಕಿಲ್ನ್ (ಕುಲುಮೆ) ಕಡೆಯ ಒಬ್ಬರು ಅಪ್ಪನ ಕಣ್ಣಿನ ಚಿಕಿತ್ಸೆಗೆ ಹೀಗೇ ರಜೆ ಹಂಚಿದ್ದಾರೆ. ಅವರ ಸೊಸೈಟಿ ಕಂತು ಸಂಬಳದಲ್ಲಿ ಮುರಿಯದಂತೆ ಮೊದಲೇ ಮಾಡಿಸಿದ್ದೇವೆ.