ಪಕ್ಷಾಂತರ ಬಿಟ್ಟು ತಕ್ಕಡಿ ಹಿಡಿದೆ: ನನ್ನ ಅನುಭವ

ಸಮೀಕರಣ ಬಿಡಿಸುವಾಗ ಒಂದು ಸಂಖ್ಯೆಯನ್ನು = ಚಿಹ್ನೆಯ ಇನ್ನೊಂದು ಕಡೆಗೆ ಒಯ್ಯುವುದಕ್ಕೆ ಪಕ್ಷಾಂತರ ಅಂತಾರೆ. "ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಅಂತ ನಾನೂ ಸುಮಾರು ಹನ್ನೆರಡು ವರ್ಷ ಹೇಳಿಕೊಟ್ಟೆ. ಫಲ ಏನು ಗೊತ್ತಾ? 3ಎಕ್ಸ್ = 15 ಕೊಟ್ಟರೆ ಅರ್ಧ ತರಗತಿ ಎಕ್ಸ್ = 15 − 3 = 12 ಅಂತ ಬರೆಯುತ್ತಿತ್ತು, 15 ÷ 3 = 5 ಅಂತಲ್ಲ. ಮೂರು ಆ ಕಡೆ ಹೋಯಿತು, ಚಿಹ್ನೆ ಬದಲಾಯಿತು. ಮಕ್ಕಳು ನಾನು ಹೇಳಿದ್ದನ್ನೇ ಮಾಡಿದ್ದರು, ಅಲ್ವಾ?

ಸಮೀಕರಣವನ್ನು ತೂಗಿ ತೋರಿಸಲು ತಕ್ಕಡಿ ತರುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. ಎರಡು ದಿನದ ಪಾಠಕ್ಕೆ ವಾರ ಹಿಡಿಯುತ್ತದೆ ಅಂದರು. ಹಿಡಿದದ್ದು ಆರು ಪೀರಿಯಡ್.

ಮೊದಲು ಬಟ್ಟೆ ಹ್ಯಾಂಗರ್‌ಗೆ ಎರಡು ಲೋಟ ಕಟ್ಟಿದೆ. 40 ರೂಪಾಯಿ ದಂಡ, ಅದು ಒಂದು ಕಡೆ ವಾಲಿಕೊಂಡೇ ಇತ್ತು. ಆಮೇಲೆ ಗುಜರಿಯಲ್ಲಿ 350ಕ್ಕೆ ದಿನಸಿ ಅಂಗಡಿಯ ತಕ್ಕಡಿ ತಂದೆ, ಒಂದು ಗೋಲಿ ಹಾಕಿದರೆ ಅಲುಗಾಡುತ್ತಲೇ ಇರಲಿಲ್ಲ. ಕೊನೆಗೆ ಬೆಳ್ಳಿ ಕೆಲಸದವರ ಹಳೇ ತಕ್ಕಡಿ ಸಿಕ್ಕಿತು. 700 ಕೊಟ್ಟೆ ಅನ್ನಿಸುತ್ತದೆ, ಒಂದು ಪೈಸೆಯೂ ದಂಡ ಆಗಲಿಲ್ಲ.

ಗೋಲಿಗಳ ತೂಕ ಒಂದೇ ಥರ ಇರುವುದಿಲ್ಲ. ಅದಕ್ಕೇ ಒಂದು ರೂಪಾಯಿ ನಾಣ್ಯ ಹಿಡಿದೆ. ಅದೂ ಕೈಕೊಟ್ಟಿತು! ಎರಡೂ ಕಡೆ ಹತ್ತತ್ತು ನಾಣ್ಯ ಹಾಕಿದರೂ ಮುಳ್ಳು ನಿಲ್ಲದು. ನೋಡಿದರೆ 2011ರಲ್ಲಿ ಬಂದ ಚಿಕ್ಕ ನಾಣ್ಯ 3.79 ಗ್ರಾಂ, ಅದಕ್ಕಿಂತ ಹಿಂದಿನ ದೊಡ್ಡದು 4.85. ಹಳೆಯದನ್ನೆಲ್ಲ ಆರಿಸಿ ತೆಗೆದೆ, ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಆಮೇಲೆ 3ಎಕ್ಸ್ + 5 = 20 ತೋರಿಸಲು ಎಡಕ್ಕೆ ಮುಚ್ಚಿದ ಮೂರು ಬೆಂಕಿಪೊಟ್ಟಣ ಮತ್ತು 5 ನಾಣ್ಯ, ಬಲಕ್ಕೆ 20 ನಾಣ್ಯ. ಒಂದೊಂದು ಪೊಟ್ಟಣದಲ್ಲೂ ಅಷ್ಟಷ್ಟೇ ನಾಣ್ಯ, ಅದೇ ಎಕ್ಸ್. (ಖಾಲಿ ಪೊಟ್ಟಣದ ತೂಕ ಲೆಕ್ಕಕ್ಕೆ ಬಾರದ ಹಾಗೆ ಮಾಡುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಬಲಗಡೆ ತಟ್ಟೆಯ ತಳ ನೋಡಿ ಅಂತ ಮಾತ್ರ ಹೇಳುತ್ತೇನೆ.) ಎಡದಿಂದ ಮಾತ್ರ ಐದು ತೆಗೆದೆ. ತಟ್ಟೆ ದಡ್ ಅಂತ ವಾಲಿತು. "ಆ ಕಡೆಯಿಂದಾನೂ ತೆಗೀರಿ ಸಾರ್!" ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ನಿಯಮವನ್ನು ನಾನು ಹೇಳಲೇ ಇಲ್ಲ. ಉಳಿದ 15ನ್ನು ಮೂರು ಗುಡ್ಡೆ ಮಾಡಿದವರೂ ಅವರೇ. ಪೊಟ್ಟಣ ತೆರೆದರೆ ಒಳಗೆ ಐದು ನಾಣ್ಯ, ತರಗತಿಯಲ್ಲಿ ಚಪ್ಪಾಳೆ.

ಇದಕ್ಕೂ ಮೊದಲು 8 + 4 = __ + 5 ಕೊಟ್ಟಿದ್ದೆ. ಬರಬೇಕಾದದ್ದು 7, ಜಾಸ್ತಿ ಜನ 12 ಬರೆದಿದ್ದರು. ಅವರಿಗೆ = ಅಂದರೆ "ಉತ್ತರ ಬರೆ" ಅಂತ. 1557ರಲ್ಲಿ ರಾಬರ್ಟ್ ರೆಕಾರ್ಡ್ ಅನ್ನುವ ಗಣಿತಜ್ಞ ಈ ಚಿಹ್ನೆ ತಂದಾಗ, ಒಂದೇ ಉದ್ದದ ಎರಡು ಗೆರೆಗಳಷ್ಟು ಸಮ ಬೇರೆ ಯಾವುದೂ ಇಲ್ಲ ಅಂತ ಕಾರಣ ಕೊಟ್ಟಿದ್ದ. ತಕ್ಕಡಿ ಎದುರಿಗಿಟ್ಟು ಇದನ್ನು ಹೇಳಿದರೆ ಮಕ್ಕಳ ತಲೆಗೆ ತಕ್ಷಣ ಹೋಗುತ್ತದೆ.

ಎಕ್ಸ್ + 7 = 3 ಬಂದಾಗ ಮಾತ್ರ ತಕ್ಕಡಿ ಸೋತಿತು. ಉತ್ತರ −4, ಸೊನ್ನೆಗಿಂತ ಕಡಿಮೆ ನಾಣ್ಯ ತಟ್ಟೆಯಲ್ಲಿ ಇಡುವುದು ಹೇಗೆ? ಬಲೂನು ಕಟ್ಟಿ ನೋಡಿದೆ, ಆಗಲಿಲ್ಲ. ಸಾಲದ ಚೀಟಿಗೆ ಇಳಿದೆ, ಅದರ ಕಥೆ ಇನ್ನೊಮ್ಮೆ. ಎರಡೂ ಕಡೆ ಸೊನ್ನೆಯಿಂದ ಗುಣಿಸಿದರೆ ಏನಾಗುತ್ತದೆ ಅಂತ ಒಬ್ಬ ಹುಡುಗಿ ಕೇಳಿದಳು. ಎರಡೂ ತಟ್ಟೆ ಖಾಲಿ ಮಾಡಿದೆ. "ಸಮ ಇದೆ, ಆದರೆ ಪೊಟ್ಟಣಾನೇ ಹೋಯ್ತು" ಅಂದಳು ಅವಳೇ.

ಕಿರುಪರೀಕ್ಷೆಯಲ್ಲಿ ಮೊದಲು ನಲವತ್ತರಲ್ಲಿ ಹನ್ನೆರಡು ಜನ ಸರಿ ಮಾಡುತ್ತಿದ್ದರು, ಈ ಸಲ ಮೂವತ್ತು ದಾಟಿತು. ಬೇಡ ಅಂದಿದ್ದ ಮೇಷ್ಟ್ರೊಬ್ಬರು ಹೋದ ವಾರ ತಕ್ಕಡಿ ಕೇಳಿಕೊಂಡು ಹೋಗಿದ್ದಾರೆ, ನಾಣ್ಯಗಳ ಡಬ್ಬಿ ಸಮೇತ.